‘ಬರಬೇಡ’ ಎನ್ನದ ಬಾವಟೆ

ಹಿರೇಜಟ್ಟಿಯ ಮಗ ಸುಬ್ಬ, ಸುಬ್ಬನ ಮಗ ಈರಪ್ಪ, ಈರಪ್ಪನ ಮಗ ಜಟ್ಟಿ. ಈ ನಾಲ್ಕು ತಲೆಯಲ್ಲಿ ಒಬ್ಬನೂ ಗದ್ದೆ ಉತ್ತು ದೊಡ್ಡವನಾದವನಲ್ಲ, ಬಲೆ ಬೀಸಿ ದೊಡ್ಡವನಾದವನೂ ಅಲ್ಲ. ಅವರು ಮಾಡಿದ್ದು ಗುಡ್ಡದ ನೆತ್ತಿಯಲ್ಲಿ ನಿಂತು ಆಕಾಶ ನೋಡುವ ಕೆಲಸ. ಆಕಾಶ ನೋಡುತ್ತ ನಿಲ್ಲುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರಿಗೆ ಸೋಮಾರಿಗಳೆಂದು ಹೆಸರು. ಇವರ ಪಕ್ಕದಲ್ಲಿ ಒಂದು ಕಂಬ, ಕಂಬಕ್ಕೊಂದು ಕೆಂಪು ಬಟ್ಟೆ ಇದ್ದುದರಿಂದ ಬಾವಟೆಮನೆಯವರೆಂದು ಹೆಸರಾಯಿತು.

ಹಿರೇಜಟ್ಟಿಯ ಕಾಲಕ್ಕೆ ಅಮೇರಿಕೆಯಲ್ಲಿ ಯಾರೋ ಯಾರ ಮೇಲೋ ಯುದ್ಧ ಹೂಡಿ, ಇಲ್ಲಿ ಕುಮಟೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತಂತೆ. ಕರಾವಳಿಯುದ್ದಕ್ಕೂ ದೋಣಿಯೇ ದೋಣಿ. ಹೊನ್ನಾವರದ ಅಳವೆಯಲ್ಲಿ, ಎಂದರೆ ಶರಾವತಿ ಕಡಲಿಗೆ ಬೀಳುವ ಬಾಯಲ್ಲಿ, ನೀರಿನಡಿಯ ಮರಳದಿಣ್ಣೆ ಇವತ್ತು ಇಲ್ಲಿದ್ದರೆ ನಾಳೆ ಅಲ್ಲಿ. ಮುನಿದ ಸೊಸೆಯ ಹಾಗೆ, ಯಾವ ಮೂಲೆಯಲ್ಲಿ ಕೂತಿದ್ದಾಳೆಂದು ಎಡವಿದ ಮೇಲೇ ತಿಳಿಯುವುದು. ಆ ಅಳವೆಯ ಗುಡ್ಡದ ಮೇಲೆ ಹಿರೇಜಟ್ಟಿ ನಿಂತಿರುತ್ತಿದ್ದ. ಗಾಳಿ, ತೆರೆ, ದಿಣ್ಣೆ ಮೂರೂ ಹದವಾಗಿದ್ದರೆ ಬಾವಟೆ ಏರಿಸುತ್ತಿದ್ದ. ಬಾವಟೆ ಕಂಡ ದೋಣಿಗಳು ಒಳಗೆ ಬರುತ್ತಿದ್ದವು. ಹದವಿಲ್ಲದಿದ್ದರೆ ಏರಿಸುತ್ತಿರಲಿಲ್ಲ. ದೋಣಿಗಳು ಹೊರಗೇ ಲಂಗರು ಹಾಕಿ ಕಾಯುತ್ತಿದ್ದವು. ಇಷ್ಟೇ ಅವರ ಶಾಸ್ತ್ರ. ಇದನ್ನು ಕಲಿಯಲು ಅರ್ಧ ದಿನ ಸಾಕು. ಬಾವಟೆಮನೆಯವರು ಮಾತ್ರ ಹುಟ್ಟಿನಿಂದಲೇ ಬರಬೇಕು ಎನ್ನುತ್ತಿದ್ದರು.

ಭಟ್ಕಳದ ನವಾಯತ ವರ್ತಕರೊಬ್ಬರು ಒಮ್ಮೆ ಹಿರೇಜಟ್ಟಿಗೆ ಒಂದು ಬುದ್ಧಿ ಹೇಳಿದರಂತೆ. ಬರಬಹುದು ಎನ್ನಲು ಕೆಂಪು ಬಾವಟೆ ಇದೆಯಲ್ಲ, ಬರಬಾರದು ಎನ್ನಲು ಒಂದು ಕರಿ ಬಾವಟೆ ಇಟ್ಟುಕೋ ಎಂದು. ಹಿರೇಜಟ್ಟಿಗೆ ಅದು ಬಯ್ಗುಳದ ಹಾಗೆ ಕೇಳಿಸಿತು. “ಮನೆ ಬಾಗ್ಲಿಗೆ ಬತ್ತಾ ಇದ್ದವ್ರಿಗೆ ಬಾ ಅಂಬುದು ಮನುಷ್ಯರ ಮಾತು. ಬರಬ್ಯಾಡ ಅಂಬುದು ನಾಯಿ ಮಾತು,” ಎಂದನಂತೆ. ಅಷ್ಟೇ ಅಲ್ಲ, ದಾರಿಯಲ್ಲಿ ಇದ್ದವನಿಗೆ ಕೇಡಿನ ಮಾತು ಆಡಿದರೆ ಕೇಡನ್ನೇ ಹೆಸರು ಹಿಡಿದು ಕರೆದ ಹಾಗೆ. ಹದವಿಲ್ಲದ ದಿನ ಸುಮ್ಮನಿರಬೇಕು. ಸುಮ್ಮನಿರುವುದನ್ನು ಓದಲು ಬಾರದವನು ದೋಣಿ ಯಾಕೆ ಹತ್ತಬೇಕು? ವರ್ತಕರು ನಕ್ಕು ಒಂದು ರುಮಾಲು ಕೊಟ್ಟು ಹೋದರು.

ಇನ್ನೊಮ್ಮೆ ಗಾಳಿಗೆ ಬಾವಟೆಯೇ ಹರಿದು ಕಡಲು ಸೇರಿದಾಗ ಅದೇ ಹಿರೇಜಟ್ಟಿ ಹೆಂಡತಿಯ ಕೆಂಪು ಸೀರೆಯನ್ನು ಕಂಬಕ್ಕೇರಿಸಿ ದೋಣಿಗಳನ್ನು ಒಳಗೆ ತಂದ. ದೋಣಿಗಳು ಉಳಿದವು. ಹೆಂಡತಿ ಕಂಬಳಿ ಸುತ್ತಿಕೊಂಡು ಸಂಜೆಯವರೆಗೆ ಬಾಗಿಲು ಹಾಕಿ ಕೂತಳು. ಮನೆತನದ ಕೀರ್ತಿ ಹೇಳುವಾಗ ಈ ಕಂಬಳಿಯ ಭಾಗವನ್ನು ಬಿಟ್ಟೇ ಹೇಳುವುದು ರೂಢಿ.

ಮಗ ಸುಬ್ಬ ಅದಕ್ಕಿಂತ ಒಂದು ಕೈ ಮೇಲು. ಕಲೆಕ್ಟರ ದೊರೆಯ ದೋಣಿ ಅಳವೆಯ ಹೊರಗೆ ಕುಣಿಯುತ್ತಿತ್ತು, ಒಳಗೆ ದೊರೆ ವಾಂತಿ ಮಾಡುತ್ತಿದ್ದ. ದಡದಲ್ಲಿದ್ದ ಅಮಲ್ದಾರ ಬಾವಟೆ ಏರಿಸೆಂದು ಗದರಿದ. ಸುಬ್ಬ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕೆನ್ನೆಗೊಂದು ಬಿತ್ತು. ಆಗಲೂ ಸುಮ್ಮನಿದ್ದ. ಮರುದಿನ ತೆರೆ ಇಳಿದ ಮೇಲೆ ಬಾವಟೆ ಏರಿತು, ದೊರೆ ಜೀವಸಹಿತ ಇಳಿದ. ವಿಷಯ ತಿಳಿದು ತನ್ನ ಮೈಮೇಲಿನ ಕೋಟನ್ನೇ ಬಿಚ್ಚಿ ಸುಬ್ಬನಿಗೆ ಕೊಟ್ಟ. ಪೆಟ್ಟು ತಿಂದ ಕೆನ್ನೆಗೂ ಬಂದ ಕೋಟಿಗೂ ಮನೆಯಲ್ಲಿ ಸಮನಾದ ಗೌರವ. ಏರಿದ ಬಾವಟೆಯನ್ನು ನಂಬಿ ಬಂದ ದೋಣಿ ಒಂದೂ ಮುಳುಗಲಿಲ್ಲ ಎಂಬುದೇ ಆ ಮನೆಯ ಆಸ್ತಿ. ಬೇರೆ ಆಸ್ತಿ ಇರಲಿಲ್ಲ, ಆದ್ದರಿಂದ ಇದಕ್ಕೆ ಪಾಲುದಾರರೂ ಹುಟ್ಟಲಿಲ್ಲ.

ಈರಪ್ಪನ ಕಾಲಕ್ಕೆ ಹತ್ತಿ ರೈಲು ಹತ್ತಿಕೊಂಡು ಬೇರೆ ದಿಕ್ಕಿಗೆ ಹೋಯಿತು. ದೋಣಿಗಳು ಬಡವಾದವು. ಈರಪ್ಪ ಧಾರೇಶ್ವರದ ಹೆಣ್ಣು ತಂದು, ಹೆಣ್ಣಿನ ಹಿಂದೆ ತಾನೂ ಧಾರೇಶ್ವರಕ್ಕೇ ಬಂದುಬಿಟ್ಟ. ಬರುವಾಗ ಕಂಬವನ್ನೂ ಹೊರಿಸಿಕೊಂಡು ಬಂದು ಅಂಗಳದಲ್ಲಿ ನೆಟ್ಟ. ಅಲ್ಲಿಂದ ಕಡಲು ಕಾಣುತ್ತಿತ್ತು, ಕಡಲಿಗೆ ಅವನು ಬೇಕಿರಲಿಲ್ಲ. ಆದರೂ ಹದವಿದ್ದ ದಿನ ಬಾವಟೆ ಏರುತ್ತಿತ್ತು. ಊರಿನವರು ಅದನ್ನು ನೋಡಿ ಹಪ್ಪಳ ಒಣಗಿಸುತ್ತಿದ್ದರು.

ಆ ಕಂಬ, ಆ ಕೋಟು, ಆ ಕೆನ್ನೆ ಮೂರಕ್ಕೂ ವಾರಸುದಾರನಾಗಿ ಉಳಿದವನು ಜಟ್ಟಿ ನಾಯ್ಕ. ಶಾಲೆಯ ಮೆಟ್ಟಿಲು ಹತ್ತದೆ, ಪಂಚಾಂಗ ನೋಡಿ ನೋಡಿ ಅಕ್ಷರ ಕಲಿತವನು. ಐವತ್ತರ ಹತ್ತಿರ ಬರುವವರೆಗೆ ಅವನ ಆಕಾಶಜ್ಞಾನ ಹಪ್ಪಳಕ್ಕೇ ಮೀಸಲಾಗಿತ್ತು. ಹೆಂಡತಿ ಮಾಸ್ತಮ್ಮ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದಳು. ಬಾವಟೆಮನೆ ಅಂದರೆ ಹೊರಗಿನವರು ತಲೆಬಾಗಿಸುತ್ತಾರೆಂದು ಜಟ್ಟಿ ಹೇಳಿದಾಗಲೆಲ್ಲ ಅವಳು, “ಹೌದು, ಬಾಗ್ಲು ಗಿಡ್ಡ ಅದೆ, ಬಾಗ್ಸದೇ ಒಳಗೆ ಬಂದ್ರೆ ಹಣೆ ಒಡೀತದೆ,” ಎನ್ನುತ್ತಿದ್ದಳು.

ಬೊಂಬಾಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಎರಡು ಮಳೆಗಾಲ ಕಳೆದಿತ್ತು. ಘಟ್ಟದಲ್ಲಿ ಅದಿರು ಅಗೆಯುವ ಒಂದು ಕಂಪನಿಯ ಸೇಟರಿಗೆ ಬೆಳಗಾವಿಯಿಂದ ಕರಾವಳಿಗೆ ಮೋಟಾರಿನಲ್ಲಿ ಬಂದು ಸೊಂಟ ಸೋತುಹೋಯಿತು. ನಾಡಿನ ಜನ ಶರಾವತಿ ದಾಟಿಸುವ ತಾರಿದೋಣಿಗಾಗಿ ದಡದಲ್ಲಿ ಅರ್ಧ ದಿನ ಕೂತು ಶೇಂಗಾ ತಿನ್ನುತ್ತಿದ್ದ ಕಾಲ ಅದು. ಸೇಟರು ಸೇತುವೆಗೆ ಅರ್ಜಿ ಹಾಕುವ ಗೋಜಿಗೆ ಹೋಗದೆ ಒಂದು ಪುಟ್ಟ ವಿಮಾನ ಕೊಂಡರು. ವಿಮಾನ ಇಳಿಯಲು ಧಾರೇಶ್ವರದ ಮೇಲಿನ ಗಟ್ಟಿ ಕೆಂಪು ಚಿರೆಕಲ್ಲಿನ ಬಯಲನ್ನು ಹಿಡಿದರು. ತಗ್ಗಿದ್ದಲ್ಲಿ ಕೆಮ್ಮಣ್ಣು ತುಂಬಿ, ರೋಲರು ಎಳೆದು, ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು ಇಟ್ಟದ್ದೇ ವಿಮಾನ ನಿಲ್ದಾಣವೆನಿಸಿತು. ದನ ಬರಬಾರದೆಂದು ಒಂದು ಫಲಕ ಹಾಕಿದರು. ದನಗಳು ಅದಕ್ಕೆ ಬೆನ್ನು ತಿಕ್ಕಿಕೊಂಡವು.

ಕಂಪನಿಯ ವ್ಯವಸ್ಥಾಪಕರು ಶ್ರೀಕೃಷ್ಣಯ್ಯ, ಮೈಸೂರು ಕಡೆಯವರು. ಹೊಸ ರಾಜ್ಯದ ಜೊತೆಗೇ ಬಂದು ಇಳಿದವರು. ಇಲ್ಲಿಯ ಸೆಕೆಯನ್ನೂ ಇಲ್ಲಿಯ ಕನ್ನಡವನ್ನೂ ಒಂದೇ ರೀತಿ ಒರೆಸಿಕೊಳ್ಳುತ್ತಿದ್ದರು. ಗಾಳಿ ಮಳೆಯ ವರದಿ ಕೊಡಲು ಒಬ್ಬ ಊರಿನವನು ಬೇಕು ಎಂದು ಕೇಳಿದಾಗ ಎಲ್ಲ ಬೆರಳೂ ಜಟ್ಟಿಯ ಕಡೆ ತಿರುಗಿದವು. ಜಟ್ಟಿ ಕೋಟು ತೊಟ್ಟು ಬಂದು ನಿಂತ. ಗುಂಡಿಗಳೆಲ್ಲ ಉದುರಿ, ಬಾಳೆನಾರಿನಲ್ಲಿ ಕಟ್ಟಿದ ಕೋಟು.

“ಏನ್ರೀ ಜಟ್ಟಪ್ಪ, ಹವಾಮಾನದಲ್ಲಿ ಅನುಭವ ಎಷ್ಟು?” ಎಂದರು ಶ್ರೀಕೃಷ್ಣಯ್ಯ.

“ನಂದು ಕೇಳ್ತ್ರೋ, ಮನೆತನದ್ದು ಕೇಳ್ತ್ರೋ?”

“ನಿಮ್ದು ಹೇಳಿ ಸಾಕು.”

“ಹಾಂಗಾದ್ರೆ ಮನೆತನದಿಂದ್ಲೇ ಸುರು ಮಾಡ್ಬೇಕು,” ಎಂದು ಜಟ್ಟಿ ಹಿರೇಜಟ್ಟಿಯಿಂದ ಹಿಡಿದು ಕೋಟಿನವರೆಗೆ ಹೇಳಿದ. ಕತೆ ಹತ್ತಿಯ ಹತ್ತಿರ ಬರುವಷ್ಟರಲ್ಲೇ ಶ್ರೀಕೃಷ್ಣಯ್ಯ ಕೆಲಸ ಕೊಟ್ಟುಬಿಟ್ಟಿದ್ದರು. ಕತೆ ನಿಲ್ಲಿಸಲು ಅವರಿಗೆ ಬೇರೆ ದಾರಿ ತೋಚಲಿಲ್ಲ.

ಒಂದು ಗಾಳಿಚೀಲ ಬಂತು. ಕೇಸರಿ ಬಣ್ಣದ, ಎರಡೂ ತುದಿ ತೆರೆದ ಉದ್ದ ಬಟ್ಟೆಯ ಕೊಳವೆ. ಕಂಬಕ್ಕೆ ಕಟ್ಟಿದರೆ ಗಾಳಿ ಬೀಸಿದ ಕಡೆಗೆ ಬಾಯ್ದೆರೆದು ಉಬ್ಬುವಂಥದು. ಮಳೆ ಅಳೆಯಲು ಒಂದು ತಗಡಿನ ಡಬ್ಬಿ ಬಂತು. ಕೆಲಸ ಸುಲಭ: ಸೇಟರು ಬರುವ ದಿನ ಬೆಳಿಗ್ಗೆ ಗಾಳಿ ಯಾವ ಕಡೆಯದು, ಮೋಡ ಎಷ್ಟು, ನೆಲ ಹೇಗಿದೆ ಎಂದು ಪೇಟೆಯ ತಂತಿ ಕಚೇರಿಯಿಂದ ಬೆಳಗಾವಿಗೆ ತಂತಿ ಕೊಡಬೇಕು, ಆಮೇಲೆ ಬಂದು ಬಯಲಿನಲ್ಲಿ ಗಾಳಿಚೀಲ ಏರಿಸಬೇಕು. ಜಟ್ಟಿ ಅಂಗಳದ ಕಂಬವನ್ನು ಕಿತ್ತು ಬಯಲಿಗೆ ಹೊರಿಸಿದ. ಕಂಪನಿಯವರು ಕಬ್ಬಿಣದ ಕಂಬ ತಂದಿದ್ದರು. ಅದು ಇವತ್ತಿಗೂ ಯಾರದೋ ದನದ ಕೊಟ್ಟಿಗೆಯಲ್ಲಿ ಇರಬೇಕು.

ತಂತಿ ಕಚೇರಿಯಲ್ಲಿ ಕೂರುತ್ತಿದ್ದವನು ಪಾಂಡು. ಮನೆಮಾತು ಕೊಂಕಣಿ, ಬೆರಳಿನ ಮಾತು ಇಂಗ್ಲಿಷು, ನಾಲಿಗೆಯಲ್ಲಿ ಇವೆರಡರ ನಡುವೆ ಸಿಕ್ಕಿದ ಕನ್ನಡ. ಜಟ್ಟಿಯ ವರದಿ ಕೇಳುವುದೆಂದರೆ ಅವನಿಗೆ ಬೆಳಗಿನ ಚಹಾದಷ್ಟೇ ರುಚಿ.

“ಬರ್ಕೊಳ್ಳಿ ಪಾಂಡು ಮಾಸ್ತರ್ರೆ. ಗಾಳಿ ತೆಂಕಣದ್ದು, ಬಾಳೆ ಎಲೆ ಸೀಳುವಷ್ಟಿಲ್ಲ. ಮೋಡ ಹಿಂಜಿದ ಹತ್ತಿಯಷ್ಟು, ಅದೂ ಗೋಕರ್ಣದ ಕಡೆಗೆ. ಸೋಮಿ ಅಂಬವ್ಳು ಬಯಲಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಿಟ್ಟಿದ್ಳು, ಎತ್ತಿಸಿದ್ದೆ. ಎಮ್ಮೆ ಇಲ್ಲ. ಬನ್ನಿ.”

ಪಾಂಡು ತಂತಿ ಯಂತ್ರದ ಮೇಲೆ ಬೆರಳಾಡಿಸಿ, “ವಿಂಡ್ ಸೌತ್ ಲೈಟ್. ಸ್ಟ್ರಿಪ್ ಡ್ರೈ,” ಎಂದು ಮುಗಿಸುತ್ತಿದ್ದ.

“ಸೋಮಿ ಎಲ್ಲಿ ಹೋದ್ಳು?”

“ಅರೇ ಬಾಬಾ, ತಂತಿಯೊಳಗೆ ಸೋಮಿ ಹಿಡಿಯೂದಿಲ್ಲ ಮಾರಾಯಾ. ಅವ್ಳು ಸ್ವಲ್ಪ ದಪ್ಪ.”

“ಬನ್ನಿ ಅಂದದ್ದಾದ್ರೂ ಹಾಕಿದ್ರೋ ಇಲ್ವೋ?”

“ಡ್ರೈ ಅಂದ್ರೆ ಬನ್ನಿ ಅಂತ್ಲೇ.”

ನೆಲ ಒಣಗಿದೆ ಎಂದರೆ ಕರೆದಂತಾಯಿತೇ? ಜಟ್ಟಿಗೆ ಅದು ಒಪ್ಪಿಗೆಯಾಗಲಿಲ್ಲ. ಅವನ ಹಟಕ್ಕೆ ಪಾಂಡು ಕೊನೆಯಲ್ಲಿ ‘ವೆಲ್ಕಂ’ ಎಂದೊಂದು ಸೇರಿಸತೊಡಗಿದ. ಬೆಳಗಾವಿಯಲ್ಲಿ ವಿಮಾನ ನಡೆಸುತ್ತಿದ್ದ ಪಾರ್ಸಿ ಕಪ್ತಾನನಿಗೆ ಇಂಥ ಮರ್ಯಾದೆಯ ಹವಾಮಾನ ವರದಿ ಜಗತ್ತಿನ ಬೇರೆ ಯಾವ ನಿಲ್ದಾಣದಿಂದಲೂ ಬಂದಿರಲಾರದು.

ಹದವಿದ್ದ ದಿನದ ಕತೆ ಇದು. ಹದವಿಲ್ಲದ ದಿನ ಜಟ್ಟಿ ಏನು ಮಾಡಬೇಕೆಂದು ಅವನು ಕಂಪನಿಯನ್ನು ಕೇಳಲಿಲ್ಲ, ಕಂಪನಿಯೂ ಅವನಿಗೆ ಹೇಳಲಿಲ್ಲ. ಕಂಪನಿಯ ಮಟ್ಟಿಗೆ ಅದು ಕೇಳುವ ಮಾತೇ ಅಲ್ಲ: ಚೊಲೋ ಇದ್ದರೆ ಚೊಲೋ ಎನ್ನುತ್ತಾನೆ, ಕೆಟ್ಟಿದ್ದರೆ ಕೆಟ್ಟಿದೆ ಎನ್ನುತ್ತಾನೆ. ಜಟ್ಟಿಯ ಮಟ್ಟಿಗೂ ಅದು ಕೇಳುವ ಮಾತಲ್ಲ: ಕೆಟ್ಟಿದ್ದರೆ ಸುಮ್ಮನಿರುವುದು. ನಾಲ್ಕು ತಲೆಮಾರು ಮಾಡಿದ್ದು ಅದನ್ನೇ.

ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಯಲಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಸೇಟರು ಬರುವ ದಿನ. ಜಟ್ಟಿ ಪೇಟೆಗೆ ಹೋಗಲಿಲ್ಲ, ಗಾಳಿಚೀಲ ಏರಿಸಲಿಲ್ಲ; ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿದ. ವಿಮಾನ ಬರಲಿಲ್ಲ. “ನೋಡಿದ್ಯನೆ?” ಎಂದು ಹೆಂಡತಿಗೆ ಹೇಳಿದ. “ಸೇಟ ಆದ್ರೂ ಅರ್ಥ ಮಾಡ್ಕಂಡ. ಬುದ್ಧಿವಂತ.” ಬೆಳಗಾವಿಯಲ್ಲಿ ಬುದ್ಧಿವಂತ ಸೇಟರಿಗೆ ಆ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು. ಇನ್ನೊಂದು ಸಲ ಕಡಲ ಮೇಲಿಂದ ಬಿರುಸು ಗಾಳಿ ಎದ್ದಾಗಲೂ ಜಟ್ಟಿ ಸುಮ್ಮನಿದ್ದ. ಆವತ್ತು ವಿಮಾನದ ಯಂತ್ರದಲ್ಲಿ ಏನೋ ಕೆಮ್ಮು. ಜಟ್ಟಿಯ ಶಾಸ್ತ್ರಕ್ಕೆ ಎರಡು ಸಾಕ್ಷಿ ಸಿಕ್ಕವು.

ಅತ್ತ ಬೆಳಗಾವಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಶಾಸ್ತ್ರವೊಂದು ಬೆಳೆಯುತ್ತಿತ್ತು. ಒಮ್ಮೆ ಜಟ್ಟಿಯ ತಂತಿ ತಲುಪಿದರೂ, ಕಂಪನಿಯ ಜವಾನ ಅದನ್ನು ಮಡಿಸಿ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟುಬಿಟ್ಟ. ತಂತಿ ಬಂದಿಲ್ಲವೆಂದು ಕಪ್ತಾನ ಸ್ವಲ್ಪ ಹೊತ್ತು ಮೀಸೆ ತಿರುವಿ, ಕೊನೆಗೆ ಹೊರಟೇಬಿಟ್ಟ. ಧಾರೇಶ್ವರದಲ್ಲಿ ಬಿಸಿಲು, ಕಂಬದಲ್ಲಿ ಗಾಳಿಚೀಲ, ಕೆಳಗೆ ಕೋಟು ತೊಟ್ಟ ಜಟ್ಟಿ. ಮತ್ತೊಂದು ಸಲವೂ ಹಾಗೇ ಆಯಿತು. ತಂತಿ ಬರದಿದ್ದರೆ ಹೇಳುವಂಥದ್ದು ಏನೂ ಇಲ್ಲ, ಎಲ್ಲ ಸರಿಯಿದೆ ಎಂದು ಕಪ್ತಾನ ತೀರ್ಮಾನಿಸಿದ. ಕಲಿತವನು, ಎರಡು ಸಲ ಆದದ್ದನ್ನು ನಿಯಮ ಎಂದು ಕರೆಯುವ ಹಕ್ಕು ಅವನಿಗಿತ್ತು. ಹೀಗೆ ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು ಎರಡು ಶಾಸ್ತ್ರಗಳು ಒಂದಕ್ಕೊಂದು ಮುಖ ನೋಡದೆ, ಹಳೇ ಬೀಗರಂತೆ ಮರ್ಯಾದೆಯಿಂದ ನಡೆದುಕೊಂಡು ಬಂದವು.

ಮೂರನೆಯ ವರ್ಷದ ಮೇ ಕೊನೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಹಾರಾಟ. ಸೇಟರಿಗೆ ಇಡಗುಂಜಿ ಗಣಪತಿಯ ಹರಕೆ ತೀರಿಸುವುದಿತ್ತು. ಆಕಾಶದಲ್ಲಿ ಹಾರಿ ಬಂದು, ಇಲಿಯ ಮೇಲೆ ಕೂತವನಿಗೆ ಅಡ್ಡ ಬೀಳುವ ಭಕ್ತಿ. ರೋಹಿಣಿ ಮಳೆ ಅವರ ಹರಕೆಗಾಗಿ ಕಾಯಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಸುರಿದದ್ದು ಬೆಳಿಗ್ಗೆ ಒಂದು ಗಳಿಗೆ ಬಿಟ್ಟಿತ್ತು. ಜಟ್ಟಿ ಬಯಲಿಗೆ ಹೋಗಿ ನೋಡಿದ. ಕೆಮ್ಮಣ್ಣು ತುಂಬಿದ ತಗ್ಗುಗಳೆಲ್ಲ ರಾಗಿ ಅಂಬಲಿಯಾಗಿದ್ದವು. ಕಾಲಿಟ್ಟರೆ ಮೊಣಕಾಲಿನವರೆಗೆ ಬರಮಾಡಿಕೊಳ್ಳುತ್ತಿದ್ದವು. ಮೇಲಿನಿಂದ ನೋಡಿದರೆ ಮಾತ್ರ ಗಟ್ಟಿ ನೆಲದ ಹಾಗೇ ನುಣ್ಣಗೆ ಹೊಳೆಯುತ್ತಿದ್ದವು. ಪಡುವಣದಲ್ಲಿ ಮೋಡ ಮತ್ತೆ ಎಮ್ಮೆಯ ಹಾಗೆ ಎದ್ದು ನಿಲ್ಲುತ್ತಿತ್ತು.

ಮನೆಗೆ ಬಂದು ಗಾಳಿಚೀಲವನ್ನು ಮಡಿಸಿ ಪಕ್ಕದಲ್ಲಿಟ್ಟುಕೊಂಡು ಗಂಜಿಗೆ ಕೂತ.

“ತಂತಿ ಕೊಡ್ಲಿಕ್ಕೆ ಹೋಗೂದಿಲ್ವ?” ಎಂದಳು ಮಾಸ್ತಮ್ಮ.

“ಕೊಟ್ಟಾತು.”

“ಇಲ್ಲೇ ಕೂತು? ಗಂಜಿ ಬಟ್ಲದಲ್ಲಿ?”

“ಕೊಡದೇ ಇದ್ದದ್ದೇ ಕೊಟ್ಟದ್ದು. ನಿಂಗೆ ತಿಳಿಯೂದಲ್ಲ ಅದು.”

“ಆತು ಹಾಂಗಾದ್ರೆ. ನಾ ಉಪ್ಪಿನಕಾಯಿ ಹಾಕ್ದೇ ಇದ್ದದ್ದೇ ಹಾಕಿದ್ದು. ಉಣ್ಣಿ.”

ಅವನು ಉಂಡ. ಕೈ ತೊಳೆಯುವ ಹೊತ್ತಿಗೆ ಗುಂಯ್ ಎಂಬ ಸದ್ದು ಕೇಳಿತು. ಜಟ್ಟಿ ಮೊದಲು ನಂಬಲಿಲ್ಲ. ಜೇನು ಎದ್ದಿರಬೇಕು ಎಂದುಕೊಂಡ. ಆಮೇಲೆ ಬಾಲವನ್ನು ಬಿಸಿಲಿಗೆ ಮಿಂಚಿಸುತ್ತ ವಿಮಾನ ಗುಡ್ಡದ ಮೇಲಿಂದ ಬಂತು. ಗಾಳಿಚೀಲವನ್ನು ಬಗಲಿಗೆ ಹಾಕಿಕೊಂಡು ಓಡಿದ. ಕೋಟು ತೊಡಲು ಹೊತ್ತಿರಲಿಲ್ಲ. ಕೋಟಿಲ್ಲದೆ ಅವನು ಬಯಲಿಗೆ ಹೋದದ್ದು ಅದೇ ಮೊದಲು.

ಬಯಲಿನಲ್ಲಿ ಅಷ್ಟು ಹೊತ್ತಿಗೆ ಊರೇ ಸೇರಿತ್ತು. ಸದ್ದು ಕೇಳಿದರೆ ಸಾಕು, ಗಂಜಿ ಬಿಟ್ಟು ಓಡಿ ಬರುವವರು. ಸೋಮಿಯೂ ಇದ್ದಳು. ವಿಮಾನ ಒಂದು ಸುತ್ತು ಹಾಕಿತು. ಬೋಳು ಕಂಬವನ್ನು ಕಂಡು ಕಪ್ತಾನನಿಗೆ ಏನನ್ನಿಸಿತೋ, ಇನ್ನೊಂದು ಸುತ್ತು ಹಾಕಿತು.

“ಜಟ್ಟಣ್ಣಾ, ಬ್ಯಾಡ ಅಂತ ಎಂತಾರೂ ತೋರ್ಸೋ!” ಎಂದು ಸೋಮಿ ಕೂಗಿದಳು. “ಆ ಚೀಲವಾದ್ರೂ ಬೀಸು!”

ಜಟ್ಟಿ ಕೈ ಎತ್ತಹೋಗಿ ಅರ್ಧಕ್ಕೇ ಇಳಿಸಿದ. ಬರಬೇಡ ಎನ್ನಲು ಏನು ತೋರಿಸಬೇಕು? ನಾಲ್ಕು ತಲೆಮಾರು ಹುಡುಕಿದರೂ ಮನೆಯಲ್ಲಿ ಅದಕ್ಕೊಂದು ಸನ್ನೆ ಇರಲಿಲ್ಲ. ಕೈ ಎತ್ತಿದರೆ ಬಾ ಎಂದಾಗುತ್ತದೆ, ಬಟ್ಟೆ ಬೀಸಿದರೆ ಬಾ ಎಂದಾಗುತ್ತದೆ. ಕೈಯಲ್ಲಿದ್ದ ಗಾಳಿಚೀಲ ಗಾಳಿಗೆ ತಾನಾಗಿಯೇ ಬಾಯಿ ತೆರೆಯತೊಡಗಿತು. ಎಲ್ಲಿ ಉಬ್ಬಿ ಅದೇ ಕರೆದುಬಿಡುತ್ತದೋ ಎಂದು ಹೆದರಿ, ಅದನ್ನು ನೆಲಕ್ಕೆ ಹಾಕಿ ಅದರ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಕೂತಲ್ಲೇ ಕಣ್ಣು ಮುಚ್ಚಿದ. ಅವನ ತಿಳುವಳಿಕೆಯಲ್ಲಿ ಅದಕ್ಕಿಂತ ಜೋರಾಗಿ ಬೇಡ ಎಂದು ಕಿರುಚಿದವರು ಈ ಕರಾವಳಿಯಲ್ಲಿ ಬೇರೆ ಯಾರೂ ಇಲ್ಲ.

ಕಪ್ತಾನನಿಗೆ ಮೇಲಿನಿಂದ ಕಂಡದ್ದು ನುಣ್ಣನೆಯ ಕೆಂಪು ನೆಲ, ಕೈ ಬೀಸುವ ಜನ, ನೆಲದ ಮೇಲೆ ನೆಮ್ಮದಿಯಾಗಿ ಕೂತ ವರದಿಗಾರ. ಇಳಿಸಿದ.

ಮೊದಲಿಗೆ ಸಿಕ್ಕ ಗಟ್ಟಿ ಚಿರೆಕಲ್ಲಿನ ಮೇಲೆ ಚಕ್ರ ಸರಿಯಾಗಿಯೇ ಕೂತವು. ಅಂಬಲಿ ಬಂದದ್ದೇ ಒಂದು ಚಕ್ರ ಹೂತು, ವಿಮಾನ ಗಿರಗಿರನೆ ತಿರುಗಿ, ಸುಣ್ಣದ ಕಲ್ಲುಗಳನ್ನು ಹಾರಿಸಿಕೊಂಡು ಹೋಗಿ ಕಲ್ಲು ತೆಗೆದ ಹೊಂಡದೊಳಗೆ ಮೂಗು ತೂರಿ ನಿಂತಿತು. ಬಾಲ ಆಕಾಶಕ್ಕೆ. ಒಳಗಿಂದ ಕಪ್ತಾನ ಇಳಿದ, ಮೈಯೆಲ್ಲ ಕೆಸರು. ಅವನ ಹಿಂದೆ ಸೇಟರು, ಹಣೆಯಲ್ಲಿ ನಿಂಬೆಗಾತ್ರದ ಬುಗುಟು, ಎದೆಗೆ ಗಣಪತಿಗೆ ತಂದ ಪೇಡೆಯ ಪೊಟ್ಟಣ. ಜೀವಕ್ಕೇನೂ ಆಗಿರಲಿಲ್ಲ. ಪೇಡೆಯೂ ಉಳಿದಿತ್ತು.

ಜಟ್ಟಿ ಎದ್ದು, ಕೂತಲ್ಲಿದ್ದ ಚೀಲವನ್ನು ಕೊಡವಿ ಮಡಿಸಿ, ಅವರ ಎದುರು ಹೋಗಿ ನಿಂತ. ಮೈಮೇಲೆ ಕೋಟಿರಲಿಲ್ಲ. ಬಾಯಿಂದ ಬಂದದ್ದು ಮಾತ್ರ ಬಾವಟೆಮನೆಯ ಮಾತೇ.

“ಬಾವಟೆ ಇಲ್ದೇ ಒಳಗೆ ಬಂದವ್ರು ಯಾರು ನೀವು?”

ಸೇಟರಿಗೆ ಕನ್ನಡ ಬರುತ್ತಿರಲಿಲ್ಲ. ಸ್ವಾಗತಿಸುತ್ತಿದ್ದಾನೆಂದು ತಿಳಿದು ಒಂದು ಪೇಡೆ ಕೊಟ್ಟರು.

ಪೇಡೆಯನ್ನು ಜಟ್ಟಿ ಮನೆಗೆ ತಂದು ಹಲಗೆಯ ಮೇಲಿಟ್ಟ. ತಿನ್ನಲಿಲ್ಲ. ಜಗಲಿಯಲ್ಲಿ ಕೂತು ತನ್ನಷ್ಟಕ್ಕೆ ತಾನೇ ವಾದಿಸತೊಡಗಿದ. ಏರಿದ ಬಾವಟೆ ನಂಬಿ ಬಂದವರು ಕೆಟ್ಟಿಲ್ಲ, ಇವರು ಏರದ ಬಾವಟೆಗೆ ಬಂದವರು, ಲೆಕ್ಕಕ್ಕೆ ಬರುವುದಿಲ್ಲ. ಮನೆತನದ ಮಾತು ಉಳಿಯಿತು. ಉಳಿಯಿತು ತಾನೆ?

“ಉಳೀತಲ್ವನೆ?” ಎಂದು ಕೊನೆಗೆ ಹೆಂಡತಿಯನ್ನೇ ಕೇಳಿದ.

ಮಾಸ್ತಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ನಿಲ್ಲಿಸಲಿಲ್ಲ. “ನಿಮ್ಮ ಅಜ್ಜ ಬಾವಟೆ ಏರಿಸ್ದೇ ಇದ್ರೆ ದೋಣಿಯವ್ರಿಗೆ ಗೊತ್ತಾಗ್ತಿತ್ತು. ಯಾಕೆ? ಅವ್ರು ಅಲ್ಲೇ ಎದ್ರಿಗೆ ನಿಂತ್ಕಂಡು ಕಂಬ ನೋಡ್ತಿದ್ರು. ಈ ಸೇಟ ಬೆಳಗಾವಿಲಿ ಕೂತ್ಕಂಡು ನಿಮ್ಮ ಕಂಬ ನೋಡ್ತನಾ? ಘಟ್ಟ ಅಡ್ಡ ಇಲ್ವಾ?”

ಜಟ್ಟಿ ತಿರುಗಿ ನೋಡಿದ. ಅಷ್ಟು ದೊಡ್ಡ ಘಟ್ಟ, ಹುಟ್ಟಿದಂದಿನಿಂದ ಮೂಡಣಕ್ಕೆ ಗೋಡೆಯ ಹಾಗೆ ಎದ್ದು ನಿಂತದ್ದು, ಅವನ ಕಣ್ಣಿಗೆ ಆವತ್ತು ಬಿತ್ತು. ಅವನು ಯಾವಾಗಲೂ ನೋಡುತ್ತಿದ್ದುದು ಪಡುವಣಕ್ಕೆ.

ಎರಡು ದಿನ ಬಿಟ್ಟು ಶ್ರೀಕೃಷ್ಣಯ್ಯ ಮನೆಗೇ ಬಂದರು, ಜೊತೆಗೆ ಪಾಂಡು. ಮಾಸ್ತಮ್ಮ ಬೆಲ್ಲ, ನೀರು ತಂದಿಟ್ಟಳು. ಶ್ರೀಕೃಷ್ಣಯ್ಯನವರು ಬೆಲ್ಲವನ್ನು ಮುಟ್ಟದೆ, ಬಾಗಿಲಿಗೆ ತಾಗಿದ ಹಣೆಯನ್ನು ಉಜ್ಜಿಕೊಳ್ಳುತ್ತ ಮಾತು ತೆಗೆದರು. ಆವತ್ತು ತಂತಿ ಯಾಕೆ ಬರಲಿಲ್ಲವೆಂದು ಸೇಟರು ಕೇಳಿದ್ದಾರೆ. ವರದಿಗಾರ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದ ಎಂದರೆ, ಅಂಥವನನ್ನು ಕೆಲಸಕ್ಕಿಟ್ಟವನು ಯಾರು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಶ್ರೀಕೃಷ್ಣಯ್ಯನವರ ಹೃದಯ ಜಟ್ಟಿಗಾಗಿ ಕರಗಿದ್ದು ಆ ಮುಂದಿನ ಪ್ರಶ್ನೆಯ ಬಿಸಿಗೆ.

“ನೋಡಿ ಜಟ್ಟಪ್ಪ, ನಿಮ್ಮನ್ನ ನಾನು ಉಳಿಸ್ತೀನಿ. ನೀವು ಬೆಳಗ್ಗೆನೇ ತಂತಿ ಕೊಡೋಕೆ ಪೇಟೆಗೆ ಹೋದ್ರಿ. ಗಾಳಿಗೆ ತಂತಿ ಕಂಬ ಬಿದ್ದಿತ್ತು. ಸಂದೇಶ ಹೋಗ್ಲಿಲ್ಲ. ಮುಗೀತು. ಯಾರ ತಪ್ಪೂ ಇಲ್ಲ, ಮಳೆ ತಪ್ಪು. ಮಳೆನ ಯಾರೂ ಕೆಲಸದಿಂದ ತೆಗೆಯೋಲ್ಲ.”

“ಆ ದಿವ್ಸ ಕಂಬ ಬೀಳ್ಲಿಲ್ಲಲ್ಲ,” ಎಂದ ಜಟ್ಟಿ, ಪಾಂಡುವಿನ ಕಡೆ ನೋಡಿ.

“ಆ ದಿವ್ಸ ಬೀಳ್ಲಿಲ್ಲ, ನಿನ್ನೆ ಬಿತ್ತು ಮಾರಾಯಾ,” ಎಂದ ಪಾಂಡು. “ರೋಹಿಣಿ ಮಳೆ. ಒಂದೆರಡು ದಿವ್ಸ ಹಿಂದೆ ಮುಂದೆ. ನಾ ಹೂಂ ಅಂತೆ. ನೀ ಒಂದು ಹೂಂ ಅನ್ನು ಸಾಕು. ಬಾಯಿ ತೆರೆಯೂದೂ ಬ್ಯಾಡ, ತಲೆ ಅಲ್ಲಾಡ್ಸು.”

“ಕೆಲ್ಸ?”

“ನಿಮ್ದೇ,” ಎಂದರು ಶ್ರೀಕೃಷ್ಣಯ್ಯ. “ಮಳೆಗಾಲ ಕಳೀಲಿ, ವಿಮಾನ ರಿಪೇರಿ ಆಗಿ ಬರತ್ತೆ. ಈ ಸಲ ಒಂದು ಕರಿ ಬಾವುಟನೂ ಹೊಲಿಸಿಕೊಡ್ತೀವಿ. ಬರಬೇಡಿ ಅನ್ನೋಕೆ.”

ಒಳಬಾಗಿಲಲ್ಲಿ ಮಾಸ್ತಮ್ಮ ನಿಂತಿದ್ದಳು. ಹೂಂ ಅನ್ನಿ ಎಂದು ಅವಳು ಹೇಳಲಿಲ್ಲ. ಕಣ್ಣಿನಲ್ಲಿ ಮಾತ್ರ ಮುಂದಿನ ಮಳೆಗಾಲದ ಅಕ್ಕಿ ಇತ್ತು. ಜಟ್ಟಿ ಅದನ್ನು ಕಂಡ. ಗೂಟದಲ್ಲಿ ತೂಗುತ್ತಿದ್ದ ಕೋಟನ್ನೂ ಕಂಡ. ಅಜ್ಜ ಸುಬ್ಬ ಕೆನ್ನೆಗೆ ಪೆಟ್ಟು ತಿಂದು ಸುಮ್ಮನಿದ್ದದ್ದಕ್ಕೆ ಬಂದ ಕೋಟು. ಆವತ್ತಿನ ಆ ಸುಮ್ಮನಿರುವಿಕೆಯನ್ನು, ಅಯ್ಯೋ ಪಾಪ, ಹಗ್ಗ ತುಂಡಾಗಿತ್ತಂತೆ, ಅದಕ್ಕೆ ಬಾವಟೆ ಏರಲಿಲ್ಲ ಎಂದು ಯಾರಾದರೂ ಉಪಕಾರ ಮಾಡಿದ್ದರೆ? ಕೆನ್ನೆ ಉಳಿಯುತ್ತಿತ್ತು. ಕೋಟು ಬರುತ್ತಿರಲಿಲ್ಲ. ಜಟ್ಟಿ ಬೆಲ್ಲದ ಬಟ್ಟಲನ್ನು ಶ್ರೀಕೃಷ್ಣಯ್ಯನವರ ಹತ್ತಿರಕ್ಕೆ ಸರಿಸಿದ.

“ಬೆಲ್ಲ ತಿನ್ನಿ ಸಾಯೇಬ್ರೆ, ನೀರು ಕುಡೀರಿ. ಊಟ ಮಾಡ್ಕಂಡೇ ಹೋಗಿ, ಏಡಿ ಸಾರು ಅದೆ, ನೀವು ತಿನ್ನೂದಿಲ್ಲ ಅಂದ್ರೆ ಪಾಂಡು ಮಾಸ್ತರ್ರು ತಿಂತ್ರು. ಸೇಟ್ರಿಗೆ ಇದ್ದದ್ದು ಇದ್ದ ಹಾಂಗೇ ಹೇಳಿ. ತಂತಿ ಚೊಲೋ ಇತ್ತು. ಪಾಂಡು ಮಾಸ್ತರ್ರು ಕುರ್ಚಿಲೇ ಇದ್ರು. ಸುಮ್ಮಗಿದ್ದವ ನಾನು. ಬೇಕಂತ್ಲೇ ಸುಮ್ಮಗಿದ್ದೆ. ಘಟ್ಟದ ಆಚೆಯವ್ರಿಗೆ ನನ್ನ ಕಂಬ ಕಾಣೂದಿಲ್ಲ ಅಂಬುದು ನನ್ನ ಹೆಂಡತಿಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ. ಅದು ನನ್ನ ತಪ್ಪು, ನಾನೇ ಹೊತ್ಕಂತೆ, ಹೆಗಲು ಗಟ್ಟಿ ಅದೆ. ಕೆಲ್ಸ ತೆಗೀರಿ, ಗಾಳಿಚೀಲ ತಕ್ಕಂಡು ಹೋಗಿ, ಕಂಬ ಮಾತ್ರ ನಂದು, ನಾಳೆ ಕಿತ್ಕಂಡು ಬತ್ತೆ. ನಿಮ್ಮ ಉಪಕಾರ ದೊಡ್ಡದು, ಆದ್ರೆ ನಂಗೆ ಬ್ಯಾಡ. ನಿಮ್ಮ ತಂತಿ ಕಂಬ ಬೀಳ್ಸಿ ನಮ್ಮ ಬಾವಟೆ ಕಂಬ ನಿಲ್ಸೂದು ಬ್ಯಾಡ.”